ವೈಫೈ ಹೆಸರು ಒಂದೇ, ಆದರೂ ಟಿವಿಗೆ ಸರ್ವರ್ ಕಾಣಲ್ಲ

ಮೂರು ಸಂಜೆ ಹಾಳು. ಸಿನಿಮಾ ನೋಡೋಣ ಅಂತ ಕೂತವನು ಇನ್ನೂ ಟೈಟಲ್ ಕಾರ್ಡ್ ಕೂಡ ನೋಡಿಲ್ಲ.

ಸಿನಿಮಾ ಇರುವುದು ಒಳಗಿನ ಕೋಣೆಯ ಕಂಪ್ಯೂಟರಿನಲ್ಲಿ. ವೈಫೈ ಮೂಲಕ ಟಿವಿಗೆ ಸಿನಿಮಾ ಕಳಿಸಬೇಕಾದ ಸರ್ವರ್ ಅದೇ. ಟಿವಿ ಇರುವುದು ಹಾಲಿನಲ್ಲಿ. ನಡುವೆ ಒಂದೇ ಗೋಡೆ. ಟಿವಿ ಹೇಳುವುದೂ ಒಂದೇ ಮಾತು, ‘ಸರ್ವರ್ ಸಿಗಲಿಲ್ಲ’. ಎಲ್ಲಿ ಹುಡುಕಿತು, ಯಾಕೆ ಸಿಗಲಿಲ್ಲ, ಊಹೂಂ. ಕೆಳಗೆ ‘ಮತ್ತೆ ಹುಡುಕಿ’ ಅಂತ ಒಂದು ಬಟನ್. ಅದನ್ನು ಒತ್ತಿ ಒತ್ತಿ ರಿಮೋಟೇ ಸವೆದುಹೋಯಿತು.

ಕೇಳಿದವರೆಲ್ಲ “ರೀಸ್ಟಾರ್ಟ್ ಮಾಡಿದ್ರಾ?” ಅಂದರು. ಮಾಡಿದೆ ಸ್ವಾಮಿ, ಎಲ್ಲವನ್ನೂ. ವಿಂಡೋಸ್‌ನಲ್ಲಿ ನೆಟ್‌ವರ್ಕ್ ‘ಪಬ್ಲಿಕ್’ ಅಂತಿತ್ತು, ‘ಪ್ರೈವೇಟ್’ ಮಾಡಿದೆ. ಕಂಪ್ಯೂಟರಿನ ಕಾವಲುಗಾರ ಫೈರ್‌ವಾಲ್‌ನಲ್ಲಿ, ಟಿವಿಯ ಹುಡುಕಾಟ ಒಳಬರುವ ಬಾಗಿಲಾದ ಯುಡಿಪಿ 1900 ಪೋರ್ಟ್ ತೆರೆದೆ. ಒಳಗಿನ ಕೋಣೆಯಲ್ಲಿ ಫೋನಿಗೆ ಸರ್ವರ್ ಮೊದಲಿನಿಂದಲೂ ಕಾಣುತ್ತಿತ್ತು. ಹಾಗಿದ್ದ ಮೇಲೆ ಫೈರ್‌ವಾಲ್‌ದೇನೂ ತಪ್ಪಿಲ್ಲ ಅಂತ ಆಗಲೇ ಹೊಳೆಯಬೇಕಿತ್ತು. ಸಿಟ್ಟು ಬಂದಾಗ ತಲೆ ಎಲ್ಲಿ ಓಡುತ್ತೆ? ಫೋನ್ ಹಿಡಿದು ಹಾಲಿಗೆ ಬಂದರೆ ಕೆಲವು ಸಲ ಸರ್ವರ್ ಮಾಯ. ಅದು ಆ್ಯಪ್‌ನ ಚಾಳಿ ಅಂದುಕೊಂಡು ಸುಮ್ನಾದೆ.

ಮೂರನೇ ಸಂಜೆ ಟಿವಿಯ ಸೆಟ್ಟಿಂಗ್ಸ್ ಒಳಗೆ ಅಗೆದು ಅದರ ಐಪಿ, ಅಂದರೆ ನೆಟ್‌ವರ್ಕ್ ವಿಳಾಸ, ನೋಡಿದೆ: 192.168.0.14. ಸರ್ವರಿನದು 192.168.1.20. ಮೂರನೇ ಸಂಖ್ಯೆಯೇ ಬೇರೆ, ಅಂದರೆ ನೆಟ್‌ವರ್ಕೇ ಬೇರೆ. ಅಲ್ಲಿಗೆ ಕಥೆ ಗೊತ್ತಾಯಿತು. ಹಾಲಿನಲ್ಲಿ ಸಿಗ್ನಲ್ ಸಾಲದು ಅಂತ ಇಂಟರ್‌ನೆಟ್ ಕಂಪನಿಯ ಹುಡುಗ ಎರಡನೇ ರೂಟರ್ ಇಟ್ಟು ಹೋಗಿದ್ದ. ಅದೇ ಹೆಸರು, ಅದೇ ಪಾಸ್‌ವರ್ಡ್. ಆದರೆ ಇದ್ದ ನೆಟ್‌ವರ್ಕನ್ನೇ ಹಾಲಿಗೂ ಹಬ್ಬಿಸುವ ಆಕ್ಸೆಸ್ ಪಾಯಿಂಟ್ ಮೋಡ್‌ಗೆ ಹಾಕದೆ, ತನ್ನದೇ ನೆಟ್‌ವರ್ಕ್ ಕಟ್ಟುವ ರೂಟರಾಗಿಯೇ ಬಿಟ್ಟಿದ್ದ. ಒಂದೇ ಮನೆಯಲ್ಲಿ ಎರಡು ನೆಟ್‌ವರ್ಕ್! ಇಂಟರ್‌ನೆಟ್ ಎರಡು ಕಡೆಯೂ ಚೆನ್ನಾಗಿ ಬರುತ್ತಿತ್ತು, ಹಾಗಾಗಿ ಯಾರಿಗೂ ಗೊತ್ತಾಗಲಿಲ್ಲ. ಟಿವಿ 239.255.255.250 ಅನ್ನುವ ಮಲ್ಟಿಕಾಸ್ಟ್ (ಒಂದೇ ಸಲ ಹಲವರಿಗೆ ಕೇಳಿಸುವ) ವಿಳಾಸಕ್ಕೆ “ಯಾರಾದ್ರೂ ಇದ್ದೀರಾ?” ಅಂತ ಕೂಗುತ್ತದೆ. ಆ ಕೂಗು ರೂಟರಿನ ಹೊಸ್ತಿಲು ದಾಟುವುದಿಲ್ಲ. ಸರ್ವರಿನ ಕಿವಿಗೇ ಬೀಳದ ಮೇಲೆ ‘ಓ’ ಅನ್ನುವುದು ಹೇಗೆ?

ಆ ಹುಡುಗನ ಮೇಲೆ ನನಗೆ ಅಷ್ಟು ಸಿಟ್ಟಿಲ್ಲ. ಸಿಟ್ಟೆಲ್ಲ ಟಿವಿ ಮಾಡಿದವರ ಮೇಲೆ. ಟಿವಿಯ ಬ್ರೌಸರಿನಲ್ಲಿ ಸರ್ವರಿನ ವಿಳಾಸ ಹೊಡೆದೆ, ಪೇಜ್ ಪಟ್ ಅಂತ ತೆರೆಯಿತು. ಅಂದರೆ ದಾರಿ ಇದೆ! ಆದರೆ ಅದರ ಮೀಡಿಯಾ ಪ್ಲೇಯರಿನಲ್ಲಿ ವಿಳಾಸ ಟೈಪ್ ಮಾಡಲು ಜಾಗವೇ ಇಲ್ಲ. ತಾನೇ ಹುಡುಕಬೇಕಂತೆ, ಸಿಗದಿದ್ದರೆ ಇಲ್ಲವಂತೆ. ಒಂದು ಸಣ್ಣ ಬಾಕ್ಸ್ ಇಟ್ಟಿದ್ದರೆ ಇವರ ಗಂಟೇನು ಹೋಗ್ತಿತ್ತು?

ರೂಟರಿನ ಮೋಡ್ ಬದಲಿಸಲು ಐದು ನಿಮಿಷ ಸಾಕಾಯಿತು. ಸರ್ವರ್ ಕಾಣಿಸಿತು. ಖುಷಿಯಾಗಿ ಸಿನಿಮಾ ಹಾಕಿದೆ.

ಚಿತ್ರ ಬಂತು, ಸದ್ದಿಲ್ಲ. ಫೈಲಿನ ಆಡಿಯೊ ಡಿಟಿಎಸ್ ಅನ್ನುವ ಬಗೆಯದು, ಈ ಟಿವಿಗೆ ಅದು ಬರಲ್ಲವಂತೆ. ಇನ್ನು ಅದನ್ನು ಟಿವಿಗೆ ಬರುವ ಬಗೆಗೆ ಬದಲಿಸಿ ಕಳಿಸಲು ಸರ್ವರಿನಲ್ಲಿ ಟ್ರಾನ್ಸ್‌ಕೋಡಿಂಗ್ ಹಚ್ಚಬೇಕು. ನಾಲ್ಕನೇ ಸಂಜೆಯೂ ಹೋಯಿತು ಬಿಡಿ.