ಮೈಕಿನಲ್ಲಿ ಕೇಳುವ ಮಾತೇ ಅದು?

ನಿನ್ನೆ ರಾತ್ರಿ ಹುಬ್ಬಳ್ಳಿಗೆ ಮರಳಿದಾಗಿನಿಂದ ನನಗೆ ನಿದ್ದೆ ಬಂದಿಲ್ಲ. ನಮ್ಮ ನಾಯಿ ಕೆಂಚ ಮಂಚದ ಪಕ್ಕದಲ್ಲಿ ಮಲಗಿದ್ದಾನೆ, ಆಗಾಗ ಎದ್ದು ಅಂಗಾಲು ನೆಕ್ಕಿಕೊಂಡು ಮತ್ತೆ ಮಲಗುತ್ತಾನೆ. ಅವನು ನಾಳೆಯೊಳಗೆ ಎಲ್ಲವನ್ನೂ ಮರೆತಾನು, ನಾನು ಮರೆಯಲಾರೆ. ಊಟದ ಅಂಗಳದಲ್ಲಿ, ಅಷ್ಟು ಜನರ ನಡುವೆ, ಮೈಕು ಹಿಡಿದು "ಈ ಬೀದಿ ನಾಯಿ ಯಾರದು?" ಎಂದು ಕೂಗುವ ಅಧಿಕಾರವನ್ನು ನಾವು ಹೋಗಿದ್ದ ಶಿಬಿರದ ಆ ಹಸಿರು ಅಂಗಿಯವನಿಗೆ ಕೊಟ್ಟವರು ಯಾರು? ಇದಕ್ಕೆ ಯಾರಾದರೂ ಉತ್ತರ ಹೇಳಲೇಬೇಕು.

ಆ ಜಾಗದ ಹೆಸರನ್ನು ನಾನು ಇಲ್ಲಿ ಬರೆಯುವುದಿಲ್ಲ. ಧಾರವಾಡ ದಾಟಿ ಪಶ್ಚಿಮಕ್ಕೆ ಹೋದರೆ ಎರೆಭೂಮಿ ಮುಗಿದು ಕೆಮ್ಮಣ್ಣು ಶುರುವಾಗುವ ಕಡೆ ಇರುವ ಒಂದು ಶಿಬಿರ, ಅಷ್ಟು ಸಾಕು. ಹಿಂದಿನ ಕಾಲದ ನಮ್ಮ ಹಳ್ಳಿ ಹೇಗಿತ್ತೋ ಹಾಗೆಯೇ ಕಟ್ಟಿದ್ದೇವೆ, ಗುಡಾರದಲ್ಲಿ ಉಳಿಯಬಹುದು, ಸಾಕುಪ್ರಾಣಿಗಳನ್ನೂ ಕರೆತರಬಹುದು ಎಂಬುದು ಅವರ ಜಾಹೀರಾತು. ಸಾಕುಪ್ರಾಣಿಗೆ ಬೇರೆಯಾಗಿ 500 ರೂಪಾಯಿ ಕಟ್ಟಬೇಕೆಂದಿದ್ದರು, ಮುಂಗಡವಾಗಿಯೇ ಕಟ್ಟಿದೆವು. ಯಾವ ತಳಿ ಎಂದು ಅವರು ಕೇಳಲಿಲ್ಲ. ಕೇಳಿದ್ದರೆ ಹೇಳುತ್ತಿದ್ದೆ, ಹೇಳುವುದಕ್ಕೆ ನನಗೇನೂ ನಾಚಿಕೆಯಿಲ್ಲ: ಕೆಂಚ ನಾಡನಾಯಿ. ದುರ್ಗದಬೈಲಿನ ತರಕಾರಿ ಸಾಲಿನಲ್ಲಿ, ಖಾಲಿ ಟೊಮೆಟೊ ಬುಟ್ಟಿಯ ಕೆಳಗೆ ನಡುಗುತ್ತಿದ್ದವನನ್ನು ಅವ್ವ ಸೆರಗಿನಲ್ಲಿ ಸುತ್ತಿಕೊಂಡು ಮನೆಗೆ ತಂದಳು. ಅಂದಿನಿಂದ ಅವನು ನಮ್ಮ ಮನೆಯವನು.

ಬೆಳಗಿನ ಹೊತ್ತು ಅವನು ಎಷ್ಟು ಸಂತೋಷವಾಗಿದ್ದನೆಂದರೆ, ಅದನ್ನು ನೆನೆದಾಗಲೇ ನನಗೆ ಸಿಟ್ಟು ಇನ್ನೂ ಹೆಚ್ಚುತ್ತದೆ. ಬಾಗಿಲಲ್ಲಿ ಚಕ್ಕಡಿ ನಿಲ್ಲಿಸಿ, ಅದಕ್ಕೆ ಸಿಮೆಂಟಿನ ಜೋಡೆತ್ತು ಹೂಡಿದ್ದಾರೆ. ಕೆಂಚ ದೂರದಲ್ಲೇ ನಿಂತು, ಬೆನ್ನ ಮೇಲಿನ ಕೂದಲು ನಿಮಿರಿಸಿ, ಒಮ್ಮೆ ಬೊಗಳಿ ನೋಡಿದ. ಎತ್ತುಗಳು ಅಲುಗಾಡದಿದ್ದಾಗ ಮೆಲ್ಲನೆ ಹತ್ತಿರ ಹೋಗಿ, ಗೊರಸಿನಿಂದ ಹಿಡಿದು ಬಾಲದ ತುದಿಯವರೆಗೆ ಮೂಸಿದ. ಜೀವದ ವಾಸನೆ ಸಿಗದೆ ನನ್ನ ಮುಖವನ್ನೊಮ್ಮೆ ನೋಡಿ ಸೀನಿದ. ಆಮೇಲೆ ಕಂಬಳಿ ಹೊದ್ದ ಕುರುಬನ ಮೂರ್ತಿ, ಕುರಿಗಳ ಹಿಂಡು, ಗರಡಿಮನೆಯ ಕೆಮ್ಮಣ್ಣು, ಕಾಳು ತುಂಬಿಡುವ ಹಗೇವಿನ ಬಾಯಿ. ಪ್ರತಿಯೊಂದರ ಮುಂದೆಯೂ ನಿಂತು, ತನ್ನ ವಿಚಾರಣೆ ಮುಗಿಸಿಕೊಂಡೇ ಮುಂದೆ ನಡೆದ. ಗರಡಿಯ ಮಣ್ಣಿನಲ್ಲಿ ಹೊರಳಾಡಿ ಎದ್ದಾಗ ಅವನ ಬಣ್ಣ ಯಾವುದು, ಮಣ್ಣಿನ ಬಣ್ಣ ಯಾವುದು ಎಂದು ತಿಳಿಯುವಂತಿರಲಿಲ್ಲ. ನಾಯಿಯ ಮೂಗಿಗೆ ಹೊಸ ಜಾಗವೆಂದರೆ ಏನೆಂಬುದು ನಾಯಿ ಸಾಕಿದವರಿಗೆ ಗೊತ್ತು. ಹಗ್ಗವನ್ನು ಸಡಿಲವಾಗಿ ಹಿಡಿದು, ಅವನಿಗೆ ಬೇಕಾದಷ್ಟು ಹೊತ್ತು ಕೊಟ್ಟೆ.

ಗುಡಾರಗಳ ಸಾಲಿನ ಕೊನೆಗೆ ವೀರಗಲ್ಲುಗಳ ಮಾದರಿಗಳನ್ನು ನಿಲ್ಲಿಸಿದ್ದಾರೆ. ಅವುಗಳಲ್ಲಿ ಒಂದು ಆತಕೂರಿನ ಕಲ್ಲು. ಮೂಲ ಕಲ್ಲು ಮಂಡ್ಯ ಜಿಲ್ಲೆಯದು, ಸುಮಾರು ಕ್ರಿ.ಶ. 949-50ರದು. ಚೋಳರ ವಿರುದ್ಧದ ತಕ್ಕೋಲದ ಯುದ್ಧದಲ್ಲಿ ಪರಾಕ್ರಮ ತೋರಿದ ಮಣಲೆರನೆಂಬ ವೀರನಿಗೆ ಗಂಗರ ಅರಸ ಬೂತುಗ ಮೆಚ್ಚಿ ಏನು ಬೇಕೋ ಕೇಳು ಎಂದಾಗ, ಅವನು ಕೇಳಿದ್ದು ಕಾಳಿ ಎಂಬ ನಾಯಿಯನ್ನು. ಆ ಕಾಳಿ ದೊಡ್ಡ ಹಂದಿಯೊಂದರ ಜೊತೆ ಕಾದಾಡಿ, ಹಂದಿಯನ್ನು ಕೊಂದು ತಾನೂ ಸತ್ತಿತು. ಅದಕ್ಕಾಗಿ ಕಲ್ಲು ನಿಲ್ಲಿಸಿ ಭೂಮಿ ಬಿಟ್ಟರು. ಅಲ್ಲಿನ ಗೊರವನು, ಎಂದರೆ ಶೈವ ಪೂಜಾರಿಯು, ಆ ಕಲ್ಲನ್ನು ಪೂಜಿಸದೆ ಉಂಡರೆ ಅವನಿಗೆ ಪಾಪ ತಟ್ಟುತ್ತದೆಂದು ಶಾಸನದಲ್ಲಿಯೇ ಕೆತ್ತಿಸಿದರು. ಇದನ್ನೆಲ್ಲ ಆ ಶಿಬಿರದವರೇ ಫಲಕದ ಮೇಲೆ ಬರೆಸಿದ್ದಾರೆ. ನನ್ನ ಮಗಳು ಕೆಂಚನನ್ನು ಪಕ್ಕದಲ್ಲಿ ಕೂರಿಸಿಕೊಂಡು ಫಲಕವನ್ನು ಗಟ್ಟಿಯಾಗಿ ಓದಿದಳು. ಅದೇ ಹಸಿರು ಅಂಗಿಯವನು ಆಗ ಅಲ್ಲೇ ನಿಂತು ನಗುತ್ತ ಕೇಳಿಸಿಕೊಂಡ. ಆಗ ಅವನಿಗೆ ಕೆಂಚ ಕಣ್ಣಿಗೆ ಬೀಳಲಿಲ್ಲವೇ?

ಈಗ ಊಟದ ಹೊತ್ತಿನ ಮಾತು. ಸಾಕುಪ್ರಾಣಿಗಳೊಂದಿಗೆ ಬಂದವರು ಅಂಗಳದ ಅಂಚಿನಲ್ಲಿರುವ ಮಾವಿನ ಮರದ ಕೆಳಗೆ ಕುಳಿತುಕೊಳ್ಳಬೇಕೆಂದು ಅಲ್ಲಿಯೇ ಹಲಗೆ ತೂಗುಹಾಕಿದ್ದರು. ನಾವು ಕುಳಿತದ್ದೂ ಅಲ್ಲಿಯೇ. ಪಕ್ಕದ ಕಟ್ಟೆಯ ಮೇಲೆ ಶಿಟ್ಜು ಎಂಬ ವಿದೇಶಿ ತಳಿಯ ಪುಟ್ಟ ನಾಯಿಯೊಂದು ಕುರ್ಚಿಯಲ್ಲಿಯೇ ಕುಳಿತಿತ್ತು, ಅದರಾಚೆ ಒಂದು ಗೋಲ್ಡನ್ ರಿಟ್ರೀವರ್ ಮೇಜಿನ ಕೆಳಗೆ ಕಾಲು ಚಾಚಿ ಮಲಗಿತ್ತು. ಬಡಿಸುವ ಹುಡುಗರು ಅವುಗಳ ಜೊತೆ ಫೋಟೋ ತೆಗೆಸಿಕೊಂಡರು. ಅವೂ ಪಾಪದ ಪ್ರಾಣಿಗಳು, ಅವುಗಳ ಮೇಲೆ ನನಗೆ ಯಾವ ಸಿಟ್ಟೂ ಇಲ್ಲ. ಕೆಂಚ ನನ್ನ ಚಪ್ಪಲಿಯ ಮೇಲೆ ಗದ್ದವಿಟ್ಟು ಕಣ್ಣು ಮುಚ್ಚಿಕೊಂಡಿದ್ದ. ಬೊಗಳಿರಲಿಲ್ಲ, ಯಾರ ತಟ್ಟೆಯ ಕಡೆಗೂ ಮುಖ ಎತ್ತಿರಲಿಲ್ಲ. ಅವ್ವ ರೊಟ್ಟಿ ಮುರಿದು ಎಣ್ಣೆಗಾಯಿಗೆ ಅದ್ದುತ್ತಿದ್ದಳು. ಆಗ ಮೈಕನ್ನು ಬೆರಳಿನಿಂದ ತಟ್ಟಿದ ಸದ್ದಾಯಿತು. ಸಂಜೆಯ ಕಾರ್ಯಕ್ರಮದ ವಿವರ ಹೇಳುತ್ತಾರೆಂದುಕೊಂಡೆವು.

"ಮಾವಿನ ಗಿಡದ ಕೆಳಗ ಕುಂತಾವರು, ಈ ಬೀದಿ ನಾಯಿ ಯಾರದು? ದಯವಿಟ್ಟು ಎದ್ದು ನಿಂದರ್ರಿ."

ಎಲ್ಲರ ತಲೆ ನಮ್ಮ ಕಡೆ ತಿರುಗಿತು. ನನ್ನ ಮಗಳು, ಶಾಲೆಯಲ್ಲಿ ಹಾಜರಿ ಕೂಗಿದಾಗ ಎತ್ತುವಂತೆ ಕೈ ಎತ್ತಿ, "ನಮ್ಮದು" ಎಂದಳು. ಯಾರೋ ನಕ್ಕರು. ಆ ನಗು ನನಗೆ ಈಗಲೂ ಕೇಳಿಸುತ್ತಿದೆ. ಅವನು ಮೈಕನ್ನು ಆರಿಸದೆಯೇ, ಅದನ್ನು ಕೈಯಲ್ಲಿ ಹಿಡಿದುಕೊಂಡೇ ನಮ್ಮ ಬಳಿಗೆ ನಡೆದು ಬಂದ. ಹೀಗಾಗಿ ನಮ್ಮಿಬ್ಬರ ನಡುವೆ ನಡೆದ ಪ್ರತಿಯೊಂದು ಮಾತನ್ನೂ ಅಂಗಳವೆಲ್ಲ ಕೇಳಿತು. "ಪೆಟ್ ಅಂತ ಹಾಕೀರಿ, ಇದು ಪೆಟ್ ಅಲ್ಲರೀ, ಬೀದಿ ನಾಯಿ ಐತಿ. ಬ್ಯಾರೆ ಗೆಸ್ಟ್‌ಗೋಳು ಅಂಜತಾರ." ನಾನು ಚೀಲದಿಂದ ಲಸಿಕೆಯ ಪುಸ್ತಕ ತೆಗೆದು ಅವನ ಮುಂದೆ ಹಿಡಿದೆ. ರೇಬೀಸ್, ಡಿಸ್ಟೆಂಪರ್, ಪಾರ್ವೊ, ಎಲ್ಲದರ ತಾರೀಖೂ ವೈದ್ಯರ ಸಹಿಯೂ ಅದರಲ್ಲಿವೆ. ಅವನು ಅದನ್ನು ಮುಟ್ಟಲಿಲ್ಲ. ಯಾರು ಹೆದರಿದ್ದಾರೆ, ಅವರನ್ನು ತೋರಿಸಿರಿ ಎಂದೆ. ಅವನು ಸುತ್ತ ನೋಡಿದ, ಯಾರೂ ಬಾಯಿ ಬಿಡಲಿಲ್ಲ. ಹೆದರಿದವರು ಒಬ್ಬರೂ ಇರಲಿಲ್ಲ ಎಂಬುದು ನನಗೂ ತಿಳಿಯಿತು, ಅವನಿಗೂ ತಿಳಿಯಿತು. ಆದರೂ ಬೆರಳನ್ನು ಅಡುಗೆಮನೆಯ ಹಿಂಭಾಗದ ಕಡೆ ತೋರಿಸಿ, ಅಲ್ಲಿ ಕಟ್ಟಿ ಬನ್ನಿ ಎಂದ. ಆ ಬೆರಳು ತನ್ನ ಕಡೆ ತಿರುಗಿದಾಗ, ಏನೋ ಕೊಡುತ್ತಿದ್ದಾನೆಂದು ತಿಳಿದು, ಕೆಂಚ ಬಾಲ ಅಲ್ಲಾಡಿಸಿ ಅದನ್ನು ಮೂಸಲು ಹೋದ. ಆ ಮನುಷ್ಯ ಕೈಯನ್ನು ಸರಕ್ಕನೆ ಹಿಂದಕ್ಕೆಳೆದುಕೊಂಡು ಅಂಗಿಗೆ ಒರೆಸಿಕೊಂಡ.

ಅಂಗಿಗೆ ಒರೆಸಿಕೊಂಡ. ನಾನು ಇದನ್ನು ಮತ್ತೆ ಬರೆಯುತ್ತಿದ್ದೇನೆ, ಏಕೆಂದರೆ ಪಕ್ಕದ ಕಟ್ಟೆಯ ನಾಯಿಯ ತಲೆ ಸವರಿ ಬಂದದ್ದೂ ಅದೇ ಕೈ. ಅವ್ವ ಮುರಿದ ರೊಟ್ಟಿಯನ್ನು ತಟ್ಟೆಯಲ್ಲೇ ಬಿಟ್ಟು, ಒಂದು ಮಾತೂ ಆಡದೆ ಎದ್ದು ಕೈ ತೊಳೆಯಲು ಹೋದಳು. ಅನ್ನದ ಮುಂದಿನಿಂದ ಅರ್ಧಕ್ಕೆ ಎದ್ದವಳಲ್ಲ ಅವಳು. ನಾನು ಆ ಮನುಷ್ಯನಿಗೆ ಕೈಮುಗಿದು, ಊಟ ಮುಗಿಯುವವರೆಗಾದರೂ ಇರಲಿ ಎಂದು ಬೇಡಿಕೊಂಡೆ. ಹಣ ಕೊಟ್ಟು ಬಂದವನು ಕೈಮುಗಿಯುವಂತಾಯಿತು, ಅದೂ ಮೈಕಿನಲ್ಲಿ ಎಲ್ಲರೂ ಕೇಳುವಂತೆ.

ಅಡುಗೆಮನೆಯ ಹಿಂದೆ ಜನರೇಟರ್ ಇತ್ತು, ಅದರ ಪಕ್ಕದಲ್ಲಿ ತಗಡಿನ ಮಾಡು. ಮೇ ತಿಂಗಳ ಮಧ್ಯಾಹ್ನ, ಕೆಳಗೆ ಪರಸಿಕಲ್ಲಿನ ಹಾಸು. ಎಮ್ಮೆಗೆ ಹಾಕುವಂಥ ಸರಪಳಿ, ಮೊಳಕ್ಕಿಂತ ಸ್ವಲ್ಪ ಉದ್ದವಿದ್ದೀತು. ನೀರಿನ ಬೋಗುಣಿ ಒಣಗಿತ್ತು. ನಾನು ನೀರು ತುಂಬಿಸಿ ಬಂದೆ. ಮತ್ತೆ ಹೋದಾಗ ಸಿಬ್ಬಂದಿಗೆ ಮಾತ್ರ ಪ್ರವೇಶ ಎಂದು ತಡೆದರು. ನಾಯಿಗೆ ನಮ್ಮಂತೆ ಮೈಯೆಲ್ಲ ಬೆವರುವುದಿಲ್ಲ. ಅಂಗಾಲಿನಲ್ಲಿ ಅಷ್ಟಿಷ್ಟು ಬೆವರುತ್ತದೆ, ಉಳಿದ ಕಾವನ್ನೆಲ್ಲ ನಾಲಿಗೆ ಚಾಚಿ ತೇಕುತ್ತಲೇ ಕಳೆದುಕೊಳ್ಳಬೇಕು. ಅದರ ಮೈಯ ಸಹಜ ಶಾಖವೇ 38ರಿಂದ 39 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿರುತ್ತದೆ. ಅದು 41 ದಾಟಿದರೆ ಪ್ರಾಣಕ್ಕೇ ಅಪಾಯ. ಇದನ್ನು ಅಲ್ಲಿದ್ದ ಹುಡುಗನಿಗೆ ಹೇಳಿದೆ. ಸಾಹೇಬರನ್ನು ಕೇಳಿರಿ ಎಂದ. ಸಾಹೇಬರು ಊಟಕ್ಕೆ ಹೋಗಿದ್ದರು. ಭಾವನವರು ಗಾಡಿ ತೆಗೆದುಕೊಂಡು ಧಾರವಾಡಕ್ಕೆ ಹೋಗಿದ್ದುದರಿಂದ ಅವರು ಬರುವವರೆಗೆ ನಮಗೆ ಹೊರಡಲು ದಾರಿಯಿರಲಿಲ್ಲ. ಕೊನೆಗೆ ಆ ತಡೆದವನನ್ನು ಸರಿಸಿಯೇ ಒಳಗೆ ಹೋದೆ. ಕೆಂಚ ಒಂದೊಂದೇ ಕಾಲನ್ನು ಸರದಿಯಂತೆ ಮೇಲೆತ್ತುತ್ತ ನಿಂತಿದ್ದ. ಅಂಗಾಲಿನ ಮೆತ್ತೆಯ ಕರಿಯ ಚರ್ಮ ಒಂದು ಕಡೆ ಬಿಟ್ಟು, ಒಳಗಿನ ಗುಲಾಬಿ ಬಣ್ಣ ಕಾಣುತ್ತಿತ್ತು.

ಸಂಜೆ ಅದೇ ಅಂಗಳದಲ್ಲಿ ಗೊರವರ ಕುಣಿತ ನಡೆಯಿತು. ಮೈಲಾರಲಿಂಗನ ಒಕ್ಕಲಿನ ಹಾವೇರಿ ಸೀಮೆಯವರಿಗೆ ಗೊರವರೆಂದರೆ ಯಾರೆಂದು ನಾನು ವಿವರಿಸಬೇಕಾಗಿಲ್ಲ. ರಾಣೇಬೆನ್ನೂರು ತಾಲೂಕಿನ ದೇವರಗುಡ್ಡಕ್ಕೆ ಹೋದವರು ಕಂಡಿದ್ದಾರೆ: ಕರಿ ಕಂಬಳಿಯ ಗೊರವಯ್ಯಗಳು ತಾವು ದೇವರ ನಾಯಿಗಳೆಂದು ಬೊಗಳುತ್ತ, ದೋಣಿಯೆಂಬ ಪಾತ್ರೆಯಲ್ಲಿ ಹಾಕಿದ ಪ್ರಸಾದಕ್ಕೆ ಬಾಯಿ ಹಾಕುತ್ತಾರೆ, ಭಕ್ತರು ಅವರಿಗೆ ಅಡ್ಡಬೀಳುತ್ತಾರೆ. ಮೈಲಾರನ ಕುದುರೆಯ ಜೊತೆಗೆ ನಾಯಿ ಇರಲೇಬೇಕು. "ಏಳುಕೋಟಿಗೋ" ಎಂಬ ಕೂಗು ಎದ್ದಾಗ ಕುಳಿತವರೆಲ್ಲ ಫೋನು ಎತ್ತಿ ಚಿತ್ರೀಕರಿಸಿದರು, ಹಸಿರು ಅಂಗಿಯವನೂ ಚಪ್ಪಾಳೆ ತಟ್ಟಿದ. ಡಮರುಗದ ಸದ್ದಿಗೆ ಹಿಂದುಗಡೆಯಿಂದ ಕೆಂಚ ಬೊಗಳಿದ. ಕುಣಿತ ಮುಗಿದ ಮೇಲೆ ಒಬ್ಬ ಹಿರಿಯ ಗೊರವಯ್ಯ, ಬೊಗಳಿದ್ದು ಯಾರೆಂದು ಕೇಳಿಕೊಂಡು, ಯಾರ ಅಪ್ಪಣೆಗೂ ಕಾಯದೆ ಅಡುಗೆಮನೆಯ ಹಿಂದೆ ಬಂದು ಕೆಂಚನ ಹಣೆಗೆ ಭಂಡಾರದ ಅರಿಶಿನ ಹಚ್ಚಿ ಹೋದ. ಆ ದಿನ ಅವನನ್ನು ಮುಟ್ಟಿದ ಹೊರಗಿನವನು ಅವನೊಬ್ಬನೇ.

ಹೀಗೇಕೆ ಮಾಡಿದಿರಿ ಎಂದು ಹೊರಡುವಾಗ ನಾನು ಹಸಿರು ಅಂಗಿಯವನನ್ನು ಕೇಳಿಯೇ ಕೇಳಿದೆ. "ಮುಧೋಳದ್ದಾಗಿದ್ರ ಬ್ಯಾರೆ ಮಾತಿತ್ತರೀ" ಎಂದ. ಮುಧೋಳದ ನಾಯಿಯ ಬಗ್ಗೆ ನನಗೂ ಅಭಿಮಾನವಿದೆ. 2005ರಲ್ಲಿ ಅದರ ಅಂಚೆಚೀಟಿ ಬಂದಿದೆ, ಸೈನ್ಯಕ್ಕೂ ಅದನ್ನು ಸೇರಿಸಿಕೊಂಡಿದ್ದಾರೆ, 2020ರ ಆಗಸ್ಟಿನಲ್ಲಿ ಪ್ರಧಾನಮಂತ್ರಿಗಳು ಆಕಾಶವಾಣಿಯಲ್ಲಿ ಅದರ ಹೆಸರು ಹೇಳಿ, ದೇಸಿ ನಾಯಿಗಳನ್ನು ಸಾಕಿರೆಂದು ಕೇಳಿಕೊಂಡರು. ಆದರೆ ಒಂದು ನಾಯಿಗೆ ಮರ್ಯಾದೆ ಸಿಗಬೇಕಾದರೆ ಮೊದಲು ಅಂಚೆಚೀಟಿ ಬರಬೇಕೇ? ಹಿಂದಿನ ಹಳ್ಳಿ ಎಂದು ನೀವು ಕಟ್ಟಿದ್ದೀರಲ್ಲ, ಆ ಹಳ್ಳಿಯ ಕಣ ಕಾದದ್ದು, ಹಟ್ಟಿ ಕಾದದ್ದು, ಬಾಣಂತಿಯ ಕೋಣೆಯ ಹೊಸ್ತಿಲಲ್ಲಿ ಮಲಗಿದ್ದು ಕೆಂಚನಂಥವರೇ. ನಮ್ಮ ಅಜ್ಜನ ಊರಿನಲ್ಲಿ ಗೋಲ್ಡನ್ ರಿಟ್ರೀವರ್ ಇರಲಿಲ್ಲ.

ದೂರು ಕೊಡು ಎಂದು ಭಾವನವರು ಹೇಳುತ್ತಾರೆ. ಕೊಡಬಹುದು. 1960ರ ಪ್ರಾಣಿಹಿಂಸೆ ತಡೆ ಕಾಯ್ದೆಯ 11ನೇ ಕಲಮಿನಲ್ಲಿ ತೀರ ಗಿಡ್ಡ ಅಥವಾ ತೀರ ಭಾರವಾದ ಸರಪಳಿಯಲ್ಲಿ ಪ್ರಾಣಿಯನ್ನು ಹೆಚ್ಚು ಹೊತ್ತು ಕಟ್ಟಿಹಾಕುವುದು ಅಪರಾಧವೆಂದು ಸ್ಪಷ್ಟವಾಗಿಯೇ ಇದೆ, ಅಲ್ಲಿ ತಳಿಯ ಮಾತೇ ಇಲ್ಲ. ಜೀವಿಗಳ ಬಗ್ಗೆ ದಯೆ ತೋರುವುದು ನಾಗರಿಕರ ಮೂಲಭೂತ ಕರ್ತವ್ಯವೆಂದು 1976ರ ತಿದ್ದುಪಡಿಯಿಂದ ಸಂವಿಧಾನವೇ ಹೇಳುತ್ತಿದೆ. ಆದರೆ ಆ ಕಲಮಿನಲ್ಲಿ ಮೊದಲ ಬಾರಿಯ ಅಪರಾಧಕ್ಕೆ ದಂಡವೆಷ್ಟು ಗೊತ್ತೇ? 10 ರೂಪಾಯಿಯಿಂದ 50 ರೂಪಾಯಿ. ಕೆಂಚನ ಹೆಸರಿನಲ್ಲಿ ಅವರು ನಮ್ಮಿಂದ ವಸೂಲು ಮಾಡಿದ್ದು ಅದರ ಹತ್ತು ಪಟ್ಟು. ಹೀಗಿರುವಾಗ ಯಾರ ಬಾಗಿಲಿಗೆ ಅಲೆಯಲಿ? ಬಿಟ್ಟುಬಿಡೋಣ, ಇನ್ನು ಮುಂದೆ ಕೆಂಚನನ್ನು ಉಣಕಲ್ ಕೆರೆಯ ದಂಡೆಗೆ ಕರೆದೊಯ್ದರೆ ಸಾಕು, ಅಲ್ಲಿ ಯಾರೂ ತಳಿ ಕೇಳುವುದಿಲ್ಲ ಎಂದು ಅವ್ವ ಹೇಳಿದಳು. ನಾನೂ ಹೂಂ ಎಂದೆ.

ಹೂಂ ಎಂದು ಒಂದು ಗಳಿಗೆ ಸುಮ್ಮನಿರಲೂ ಆಗಲಿಲ್ಲ. ಏಕೆ ಬಿಡಬೇಕು? ಮಗಳು ಗಾಡಿಯಲ್ಲಿ ನನ್ನನ್ನು ಕೇಳಿದಳು, ಕಾಳಿಗೆ ಕಲ್ಲು ನಿಲ್ಲಿಸಿದವರು ಯಾವ ತಳಿ ಎಂದು ಕೇಳಿದ್ದರೇ ಎಂದು. ನನ್ನ ಬಳಿ ಉತ್ತರವಿರಲಿಲ್ಲ. ಆ ಫಲಕ ಬರೆಸಿದವರು ಉತ್ತರಿಸಲಿ. ಊಟದ ಅಂಗಳದಲ್ಲಿ ನಕ್ಕವರೂ ಉತ್ತರಿಸಲಿ. ಪಕ್ಕದ ಕಟ್ಟೆಯಲ್ಲಿ ತಮ್ಮ ನಾಯಿಗೆ ಮೊಸರನ್ನ ತಿನ್ನಿಸುತ್ತಿದ್ದವರು, ಅಷ್ಟು ನಾಯಿಪ್ರೀತಿಯುಳ್ಳವರು, ಇದು ತಪ್ಪು ಎಂದು ಒಂದು ಮಾತು ಆಡಿದ್ದರೆ ಅವರ ಗಂಟೇನು ಹೋಗುತ್ತಿತ್ತು?

ನನಗೆ ಕ್ಷಮಾಪಣೆಯ ಪತ್ರ ಬೇಡ. ನನಗೆ ಬೇಕಾದುದು ಇಷ್ಟೇ: ಹಣ ಕೊಟ್ಟು ಕೊಂಡ ತಳಿಯ ನಾಯಿಗಳಿಗೆ ಮಾತ್ರ ಪ್ರವೇಶ, ಊರ ನಾಯಿಗಳಿಗೆ ಇಲ್ಲ ಎಂದು ಆ ಹೆಬ್ಬಾಗಿಲ ಚಕ್ಕಡಿಯ ಪಕ್ಕದಲ್ಲಿ ದೊಡ್ಡ ಅಕ್ಷರಗಳಲ್ಲಿ ಬರೆಸಲಿ, ಜಾಹೀರಾತಿನಲ್ಲಿಯೂ ಹಾಕಲಿ. ಹಾಗೆ ಬರೆಸಲು ಧೈರ್ಯವಿಲ್ಲದಿದ್ದರೆ ಕೆಂಚನ 500 ರೂಪಾಯಿಯನ್ನು ಹಿಂತಿರುಗಿಸಲಿ, ಮತ್ತು ಅದನ್ನು ಅದೇ ಅಂಗಳದಲ್ಲಿ, ಅದೇ ಮೈಕಿನಲ್ಲಿ, ನನ್ನ ಅವ್ವನ ಕೈಗೆ ಕೊಡಲಿ.