ಮಿಂಚುಳ್ಳಿ ಒಂದೇ, ನಾಲೆ ಎರಡು

ಮೇ ತಿಂಗಳಲ್ಲಿ ಆಕ್ಸ್‌ಫರ್ಡಿನಲ್ಲಿ ಬೆಳಿಗ್ಗೆ ಐದಕ್ಕೆಲ್ಲ ಬೆಳಕು ಹರಿದಿರುತ್ತದೆ. ಆ ಹೊತ್ತಿಗೇ ಬೈನಾಕ್ಯುಲರ್ ಕೊರಳಿಗೆ ಹಾಕಿಕೊಂಡು ಹೊರಟರೆ ವೈಟಮ್ ಕಾಡು ಹತ್ತಿ ಇಳಿದು, ಗಾಡ್‌ಸ್ಟೋ ಹತ್ತಿರ ಥೇಮ್ಸ್ ನದಿಗೆ ಬಂದು, ಕೊನೆಗೆ ಆಕ್ಸ್‌ಫರ್ಡ್ ಕಾಲುವೆಯ ದಂಡೆ ಹಿಡಿದು ಊರೊಳಗೆ ಮರಳಬಹುದು. ಕಾಡು, ಹೊಳೆ, ನಾಲೆ ಮೂರೂ ಒಂದೇ ನಡಿಗೆಯಲ್ಲಿ ಸಿಗುತ್ತವೆ.

ವೈಟಮ್ ಕಾಡು ವಿಶ್ವವಿದ್ಯಾಲಯದ್ದು, ಒಳಗೆ ಹೋಗಲು ಅನುಮತಿ ಚೀಟಿ ಬೇಕು. ಅಲ್ಲಿನ ಓಕ್ ಮರಗಳಲ್ಲಿ ಸಾವಿರಕ್ಕೂ ಹೆಚ್ಚು ಗೂಡುಪೆಟ್ಟಿಗೆಗಳು ತೂಗುತ್ತವೆ, ಒಂದೊಂದಕ್ಕೂ ಒಂದು ನಂಬರು. ಹಳದಿ ಎದೆಯ ಮೇಲೆ ಕಪ್ಪು ಪಟ್ಟೆ ಎಳೆದಂತಿರುವ ಗ್ರೇಟ್ ಟಿಟ್ ಎಂಬ ಪುಟ್ಟ ಹಕ್ಕಿ ಅವುಗಳಲ್ಲಿ ಮೊಟ್ಟೆ ಇಡುತ್ತದೆ. ಡೇವಿಡ್ ಲ್ಯಾಕ್ ಎಂಬ ಪಕ್ಷಿವಿಜ್ಞಾನಿ 1947ರಲ್ಲಿ ಶುರುಮಾಡಿದ ಲೆಕ್ಕ ಇಂದಿಗೂ ನಿಂತಿಲ್ಲ. ಯಾವ ಪೆಟ್ಟಿಗೆಯಲ್ಲಿ ಯಾವ ದಿನ ಮೊದಲ ಮೊಟ್ಟೆ, ಎಷ್ಟು ಮರಿ, ಎಲ್ಲವೂ ದಾಖಲಾಗುತ್ತದೆ. ವಸಂತ ಬೇಗ ಬೆಚ್ಚಗಾಗಿ, ಓಕ್ ಎಲೆ ತಿನ್ನುವ ಕಂಬಳಿಹುಳು ಬೇಗ ಹುಟ್ಟುತ್ತಿರುವುದರಿಂದ ಈ ಹಕ್ಕಿ ಈಗ ಆಗಿನದಕ್ಕಿಂತ ಎರಡು ವಾರಕ್ಕೂ ಹೆಚ್ಚು ಮುಂಚೆ ಮೊಟ್ಟೆ ಇಡುತ್ತಿದೆ. ಪ್ರತಿ ವರ್ಷ ಯಾರೋ ಒಬ್ಬರು ಅದೇ ಮರದ ಕೆಳಗೆ ನಿಂತು ಬರೆದುಕೊಂಡಿದ್ದರಿಂದ ಇದು ತಿಳಿಯಿತು.

ನದಿಯ ಭಾಗ ಬೇಗ ಮುಗಿಯುತ್ತದೆ. ಪೋರ್ಟ್ ಮೆಡೋ ಹುಲ್ಲುಗಾವಲಿಗೆ ಕಳೆ ಬರುವುದು ಚಳಿಗಾಲದಲ್ಲಿ, ನೆರೆನೀರು ನಿಂತು ಬಾತುಗಳು ಇಳಿದಾಗ. ಮೇನಲ್ಲಿ ನನ್ನ ಮನಸ್ಸು ಇರುವುದು ಕಾಲುವೆಯ ಮೇಲೆ. 1790ರಲ್ಲಿ ಆಕ್ಸ್‌ಫರ್ಡ್ ಮುಟ್ಟಿದ ಕಾಲುವೆ ಇದು. ದೋಣಿ ಎಳೆಯುವ ಕುದುರೆಗಳಿಗಾಗಿ ಮಾಡಿದ್ದ ದಾರಿಯಲ್ಲಿ ಈಗ ನಾವು ನಡೆಯುತ್ತೇವೆ. ಎದುರಿಗೆ ಬೈನಾಕ್ಯುಲರ್ ಹಿಡಿದವರು ಬಂದರೆ ಹೆಸರು, ಊರು ಕೇಳುವುದಿಲ್ಲ. "ಏನಾದರೂ ಕಂಡಿತಾ?" ಎನ್ನುತ್ತಾರೆ. ಕಂಡದ್ದನ್ನು ಹೇಳಿ ಮುಂದೆ ಹೋದರಾಯಿತು.

ಹೋದ ವಾರ ನನಗೆ ಕಂಡದ್ದು ಮಿಂಚುಳ್ಳಿ. ನೀರಿಗೆ ಬಾಗಿದ ಕೊಂಬೆಯಿಂದ ನೀಲಿ ಗೆರೆಯೊಂದು ಹಾರಿಹೋಯಿತು. ಇಂಗ್ಲೆಂಡಿನಲ್ಲಿ ಗೂಡುಕಟ್ಟುವ ಮಿಂಚುಳ್ಳಿ ಇದೊಂದೇ ಜಾತಿ. ಶ್ರೀರಂಗಪಟ್ಟಣದ ಕಡೆಯ ನಮ್ಮೂರಿನ ನಾಲೆಯಲ್ಲಿರುವ ಸಣ್ಣ ನೀಲಿ ಮಿಂಚುಳ್ಳಿಯೂ ಇದೇ ಜಾತಿ. ಅಲ್ಲಿ ಅದರ ಜೊತೆಗೆ ಬಿಳಿ ಎದೆಯದೂ ಇದೆ, ಕಪ್ಪುಬಿಳಿ ಬಣ್ಣದ್ದೂ ಇದೆ. ವಿರಿಜಾ ನಾಲೆ, ಚಿಕ್ಕದೇವರಾಯ ಸಾಗರ ನಾಲೆ, ಬಂಗಾರದೊಡ್ಡಿ ನಾಲೆ ಎಲ್ಲವೂ ಈ ಕಾಲುವೆಗಿಂತ ಹಕ್ಕಿಗಳಲ್ಲಿ ಶ್ರೀಮಂತ. ಆದರೂ ಹಕ್ಕಿ ನೋಡಬೇಕೆಂದರೆ ನಾವು ರಂಗನತಿಟ್ಟಿಗೆ ಹೋಗಿ ಟಿಕೆಟ್ ಕೊಂಡು ದೋಣಿ ಹತ್ತುತ್ತೇವೆ. ರಂಗನತಿಟ್ಟು ಬೇಕು, 1940ರಲ್ಲಿ ಅದು ಪಕ್ಷಿಧಾಮವಾಗದಿದ್ದರೆ ಎಷ್ಟು ಕಳೆದುಕೊಳ್ಳುತ್ತಿದ್ದೆವೋ. ಆದರೆ ನಾಲೆ ಏರಿಯ ಮೇಲೆ ಬೈನಾಕ್ಯುಲರ್ ಹಿಡಿದು ನಿಂತರೆ "ಏನ್ ಸ್ವಾಮಿ, ಸರ್ವೆನಾ?" ಎಂದೇ ಕೇಳುತ್ತಾರೆ.

ಹಾಗೆಂದು ನಮ್ಮವರಿಗೆ ಹಕ್ಕಿ ಗೊತ್ತಿಲ್ಲವೆಂದರೆ ನಾನು ಒಪ್ಪುವುದಿಲ್ಲ. ಗದ್ದೆಗೆ ನೀರು ಕಟ್ಟುತ್ತಲೇ ನನ್ನ ತಾತ ಕೂಗು ಕೇಳಿ ಹಕ್ಕಿಯ ಹೆಸರು ಹೇಳುತ್ತಿದ್ದರು. ಟಿಟ್ಟಿಭ ಎಲ್ಲಿ ಮೊಟ್ಟೆ ಇಟ್ಟಿದೆಯೆಂದು ಅವರಿಗೆ ಗೊತ್ತಿತ್ತು, ಉಳುವಾಗ ಆ ಮೂಲೆ ಬಿಡುತ್ತಿದ್ದರು. ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರಿನಲ್ಲಿ ಹೆಜ್ಜಾರ್ಲೆ, ಬಣ್ಣದ ಕೊಕ್ಕರೆಗಳು ಮನೆಯ ಪಕ್ಕದ ಹುಣಸೆಮರದಲ್ಲೇ ಗೂಡು ಕಟ್ಟುತ್ತವೆ, ಊರಿನವರು ಅವನ್ನು ಬಾಣಂತನಕ್ಕೆ ಬಂದ ಮಗಳಂತೆ ಕಾಣುತ್ತಾರೆ. ಇಂಥ ಸಲಿಗೆ ಇಲ್ಲಿ ನನಗೆ ಎಲ್ಲೂ ಸಿಕ್ಕಿಲ್ಲ. ಇಲ್ಲಿನವರು ಹಕ್ಕಿಯನ್ನು ಪ್ರೀತಿಸುತ್ತಾರೆ, ಆದರೆ ದೂರದಿಂದ.

ನನ್ನ ಸಂಕಟ ಬೇರೆ. ತಾತ ಹೋದಾಗ ಅವರು ಹೇಳುತ್ತಿದ್ದ ಹೆಸರುಗಳಲ್ಲಿ ಅರ್ಧ ಅವರೊಂದಿಗೇ ಹೋದವು. ಯಾವ ಹಕ್ಕಿ ಯಾವ ನಕ್ಷತ್ರದ ಮಳೆಗೆ ಬರುತ್ತಿತ್ತು ಎಂಬುದನ್ನು ನಾವು ಯಾರೂ ಬರೆದಿಡಲಿಲ್ಲ. ವೈಟಮ್‌ನಂತೆ ಗೂಡುಪೆಟ್ಟಿಗೆ ಬೇಡ, ವಿಶ್ವವಿದ್ಯಾಲಯವೂ ಬೇಡ. ಊರಿನ ಶಾಲೆಯಲ್ಲೊಂದು ನೋಟ್‌ಬುಕ್ಕು, ವಾರಕ್ಕೊಮ್ಮೆ ಏರಿಯ ಮೇಲೆ ಅದೇ ಒಂದು ಮೈಲಿ ನಡಿಗೆ, ಕಂಡ ಹಕ್ಕಿಗೆ ಆ ಊರಿನವರು ಕರೆಯುವ ಹೆಸರು. ಇಷ್ಟು ಸಾಕು.

ಚಿಕ್ಕಪ್ಪನಿಗೆ ಫೋನ್ ಮಾಡಿ, ಈ ಸಲ ಬಂದಾಗ ದಿನಾ ಬೆಳಿಗ್ಗೆ ನಾಲೆ ಏರಿಗೆ ಹೋಗೋಣ, ನೀವು ಹೇಳಿ, ನಾನು ಬರೆದುಕೊಳ್ಳುತ್ತೇನೆ ಎಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ, "ನಾಲೆಗೆ ನೀರು ಬಿಟ್ಟ ಮೇಲೆ ಬಾ ಮಗ, ಆಗ್ಲೇ ಎಲ್ಲಾ ಬರೋದು" ಎಂದರು.