ಉಂಡೆ ಕಟ್ಟದ ಮಣ್ಣು

ನನ್ನ ಮಾವ ಧಾರವಾಡದ ಕಡೆಯ ರೈತರು. ಎರೆ ಹೊಲದಲ್ಲಿ ಜೋಳ, ಕಡಲೆ, ಹತ್ತಿ ಬೆಳೆಯುತ್ತ ಎಪ್ಪತ್ತು ದಾಟಿದವರು. ಉಡುಪಿಯ ಕಡಲ ಬದಿಯ ಪಡುಕೆರೆಯಲ್ಲಿರುವ ನಮ್ಮ ಮನೆಗೆ ಅವರು ಮೊದಲ ಸಲ ಬಂದದ್ದು ಆಟಿ ತಿಂಗಳಲ್ಲಿ. ಮಳೆಗೆ ಹೆದರಿ ನಾವೇ ಹೊಸಿಲು ದಾಟಲು ಹಿಂದೆಮುಂದೆ ನೋಡುವ ತಿಂಗಳು ಅದು. ಅವರು ಬಂದ ರಾತ್ರಿಯಿಡೀ ಒಂದೇ ಸಮನೆ ಸುರಿಯಿತು. ಹೆಂಚಿನ ಮೇಲೆ ಯಾರೋ ಕಡಲೆ ಚೀಲ ಕೊಡವುತ್ತಿರುವಂಥ ಸದ್ದು. ಪಶ್ಚಿಮಕ್ಕೆ ಕಡಲು, ಪೂರ್ವಕ್ಕೆ ಉದ್ಯಾವರ ಹೊಳೆ, ನಡುವೆ ಒಂದು ಪಟ್ಟಿಯಂಥ ನೆಲ. ಅದರ ಮೇಲೆ ನಮ್ಮ ಮನೆ. ಬೆಳಗಾಗುವಷ್ಟರಲ್ಲಿ ಮನೆ ತೇಲುತ್ತಿರುತ್ತದೆ ಎಂದೇ ಅವರು ನಂಬಿದ್ದರು.

ಬೆಳಿಗ್ಗೆ ಎದ್ದವರೇ ಧೋತರವನ್ನು ಮೊಣಕಾಲಿನ ಮೇಲಕ್ಕೆ ಕಟ್ಟಿ, ಎರಡೂ ಚಪ್ಪಲಿಗಳನ್ನು ಕೈಯಲ್ಲಿ ಹಿಡಿದು, ಯುದ್ಧಕ್ಕೆ ಹೊರಟವರಂತೆ ಜಗಲಿಗೆ ಬಂದರು. ಬಂದು ನಿಂತುಬಿಟ್ಟರು. ಅಂಗಳದಲ್ಲಿ ಒಂದು ಬೊಗಸೆ ನೀರೂ ನಿಂತಿರಲಿಲ್ಲ. ಸೂರಿನ ಹನಿ ಬಿದ್ದ ಸಾಲಿನಲ್ಲಿ ಮಾತ್ರ ಪಡ್ಡಿನ ಕಾವಲಿಯ ಹಾಗೆ ಗುಳಿಗಳು. ಉಳಿದಂತೆ ನೆಲ ಈಗಷ್ಟೇ ಹಿಡಿಸೂಡಿಯಿಂದ ಗುಡಿಸಿದಂತಿತ್ತು. ನೀರನ್ನೆಲ್ಲ ನಾನೇ ಎಲ್ಲೋ ಬಚ್ಚಿಟ್ಟಿದ್ದೇನೆ ಎನ್ನುವಂತೆ ನನ್ನ ಮುಖ ನೋಡಿದರು.

ಆಮೇಲೆ ಅವರು ಮಾಡಿದ್ದು ರೈತ ಮಾತ್ರ ಮಾಡುವ ಕೆಲಸ. ಬಗ್ಗಿ ಒಂದು ಹಿಡಿ ತೆಗೆದುಕೊಂಡರು. ರೊಟ್ಟಿ ಹಿಟ್ಟನ್ನು ಅಮುಕುವ ಹಾಗೆ ಅಮುಕಿದರು. ಒದ್ದೆ ಇದ್ದುದರಿಂದ ಅದು ಕ್ಷಣ ಹೊತ್ತು ಉಂಡೆಯಂತೆ ನಿಂತಿತು. ಹೆಬ್ಬೆರಳಿನಿಂದ ಮುಟ್ಟಿದ್ದೇ ತಡ, ಪುಡಿ ಪುಡಿ. ಇನ್ನೊಂದು ಹಿಡಿ ತೆಗೆದು, ಹೆಬ್ಬೆರಳು ತೋರುಬೆರಳ ನಡುವೆ ಎಳೆದು ಪಟ್ಟಿ ಮಾಡಲು ನೋಡಿದರು. ಎರೆ ಮಣ್ಣು ಹಾಗೆ ಎಳೆದರೆ ನಾಲಗೆಯಂತೆ ಉದ್ದಕ್ಕೆ ಬರುತ್ತದಂತೆ. ಇದು ಬೆರಳ ಸಂದಿಯಿಂದ ಸುರ್ರೆಂದು ಜಾರಿ ಹೋಯಿತು. ಮಾವ ಕೈ ಕೊಡವಿಕೊಂಡರು. ಕೊಡವಿದರೆ ಕೈಯೂ ಸ್ವಚ್ಛ! ಅದು ಅವರಿಗೆ ಇನ್ನೂ ದೊಡ್ಡ ಅವಮಾನವಾಗಿ ಕಂಡಿರಬೇಕು.

“ಇದು ಮಣ್ಣಲ್ಲ ಬಿಡಿ, ಜರಡಿ. ಬರೀ ಉಸುಕು,” ಎಂದರು.

ನನಗೆ ಸ್ವಲ್ಪ ಚುಚ್ಚಿತು. ಉಸುಕು ಅಂದರೆ ಅವರ ಕಡೆ ಹಳ್ಳದಿಂದ ಗಾಡಿಯಲ್ಲಿ ತುಂಬಿ ತಂದು ಗೋಡೆ ಕಟ್ಟುವ ವಸ್ತು. ಪುಸ್ತಕದ ಮರಳು ಕೂಡ ಹಾಗೆಯೇ, ಅದು ಯಾವಾಗಲೂ ಲಾರಿಯಲ್ಲೇ ಇರುತ್ತದೆ. ನಮ್ಮದು ಹೊಯಿಗೆ, ತುಳುವಿನಲ್ಲಿ ಪೊಯ್ಯೆ. ಹೊಯಿಗೆ ಎಂದರೆ ನಾವು ಓಡಾಡುವ, ಉಣ್ಣುವ, ಮಲಗುವ ನೆಲ. ಮಂಗಳೂರಿನಲ್ಲಿ ಹೊಯ್ಗೆ ಬಜಾರ್ ಎಂದು ಊರಿನ ಭಾಗಕ್ಕೇ ಅದರ ಹೆಸರು. ಹೊಳೆಗೂ ಕಡಲಿಗೂ ನಡುವೆ ಸಿಕ್ಕಿಕೊಂಡ ಹೊಯಿಗೆಯ ದಿಣ್ಣೆಗೆ ಬೆಂಗ್ರೆ ಎನ್ನುತ್ತೇವೆ: ಕಸಬಾ ಬೆಂಗ್ರೆ, ತೋಟ ಬೆಂಗ್ರೆ, ಇತ್ತ ಉಡುಪಿಯ ಬದಿಗೆ ಕೋಡಿ ಬೆಂಗ್ರೆ. ಇಷ್ಟೆಲ್ಲ ಹೆಸರಿರುವುದನ್ನು ಮಣ್ಣೇ ಅಲ್ಲ ಎಂದುಬಿಟ್ಟರೆ?

ಸೇಡು ತೀರಿಸಿಕೊಳ್ಳಲು ಒಂದು ಉಪಾಯ ಮಾಡಿದೆ. ಮಾವನ ಚಪ್ಪಲಿಯ ಅಟ್ಟೆಗೆ ಧಾರವಾಡದ ಎರೆ ಮಣ್ಣು ಅಂಟಿಕೊಂಡು, ರಾತ್ರಿ ಬಸ್ಸಿನಲ್ಲಿ ಘಟ್ಟ ಇಳಿದು, ನಮ್ಮ ಮನೆಯವರೆಗೂ ಬಂದಿತ್ತು. ಅದನ್ನು ಚಮಚದಿಂದ ಹೆರೆದು ಒಂದು ಗಾಜಿನ ಬಾಟಲಿಗೆ ಹಾಕಿದೆ. ಇನ್ನೊಂದು ಬಾಟಲಿಗೆ ಅಂಗಳದ ಹೊಯಿಗೆ. ಎರಡಕ್ಕೂ ನೀರು ತುಂಬಿ, ಮುಚ್ಚಳ ಹಾಕಿ, ಚೆನ್ನಾಗಿ ಕುಲುಕಿ ಜಗಲಿಯ ದಂಡೆಯ ಮೇಲೆ ಇಟ್ಟೆ. ಒಂದರಿಂದ ನಲವತ್ತರವರೆಗೆ ಎಣಿಸುವಷ್ಟರಲ್ಲಿ ಹೊಯಿಗೆ ತಳ ಸೇರಿ, ಮೇಲಿನ ನೀರಿನಾಚೆಗೆ ತುಳಸಿಕಟ್ಟೆ ಕಾಣಿಸುತ್ತಿತ್ತು. ಪ್ರಯೋಗಾಲಯದವರು ಕೂಡ ಮರಳಿನ ಪಾಲನ್ನು ಲೆಕ್ಕ ಹಾಕಲು ದ್ರವದ ಸಾಂದ್ರತೆ ಅಳೆಯುವ ಹೈಡ್ರೋಮೀಟರಿನ ಮೊದಲ ಅಳತೆ ತೆಗೆಯುವುದು 40 ಸೆಕೆಂಡಿಗೆ. ಎರೆ ಮಣ್ಣಿನ ಬಾಟಲಿ ಮಾತ್ರ ಮರುದಿನ ಬೆಳಿಗ್ಗೆಯೂ ಹಾಲು ಕಡಿಮೆಯಾದ ಕಾಫಿಯಂತೆ ಕೂತಿತ್ತು. “ನಿಮ್ಮ ಮಣ್ಣಿಗೆ ಯಾವುದನ್ನೂ ಬಿಟ್ಟುಕೊಡುವ ಸ್ವಭಾವವೇ ಇಲ್ಲ,” ಎಂದೆ. ನನ್ನ ಹೆಂಡತಿ ಒಳಗಿನಿಂದ ಕೆಮ್ಮಿದಳು.

ಎಲ್ಲವೂ ಕಣದ ಗಾತ್ರದ ಆಟ. ಎರಡು ಮಿಲಿಮೀಟರಿನಿಂದ, ಅಂದರೆ ದಪ್ಪ ಸಾಸಿವೆ ಕಾಳಿನಿಂದ ಹಿಡಿದು, 0.05 ಮಿಲಿಮೀಟರಿನವರೆಗಿನ ಕಣಕ್ಕೆ ಮರಳು ಎಂದು ಹೆಸರು. 0.002ಕ್ಕಿಂತ ಸಣ್ಣದು ಜೇಡಿ. ಏನನ್ನಾದರೂ ಹಿಡಿದುಕೊಳ್ಳಬೇಕಾದರೆ ಮೈ ಬೇಕಲ್ಲವೇ? ಒಂದು ಗ್ರಾಂ ನಯವಾದ ಹೊಯಿಗೆಯ ಕಣಗಳ ಮೈಯನ್ನೆಲ್ಲ ಬಿಡಿಸಿ ಹಾಸಿದರೆ ಎರಡು ಅಂಗೈ ಅಗಲವಾದರೆ ಹೆಚ್ಚು. ಎರೆ ಮಣ್ಣಿನಲ್ಲಿರುವಂಥ ಉಬ್ಬುವ ಜೇಡಿಯ ಒಂದು ಗ್ರಾಮನ್ನು ಹಾಗೆ ಬಿಡಿಸಿದರೆ ಏಳೆಂಟುನೂರು ಚದರ ಮೀಟರಿನ ತನಕ ಹೋಗುತ್ತದೆ. ಒಂದು ಮದುವೆ ಹಾಲಿಗೆ ಜಮಖಾನ ಹಾಸಬಹುದು. ಆ ಜಮಖಾನದ ಮೇಲೆ ನೀರೂ ಗೊಬ್ಬರದ ಸಾರವೂ ನೆಂಟರಂತೆ ಬಂದು ಕೂರುತ್ತವೆ, ಎಬ್ಬಿಸಿದರೂ ಏಳುವುದಿಲ್ಲ. ಹೊಯಿಗೆಯ ಮನೆಯಲ್ಲಿ ಕೂರಲು ಮಣೆಯೇ ಇಲ್ಲ. ಬಂದವರು ನಿಂತೇ ಮಾತಾಡಿ ಹೊರಟುಬಿಡುತ್ತಾರೆ.

ಹಾಗಾಗಿಯೇ ನಮ್ಮ ಅಂಗಳ ಗಂಟೆಗೆ 30 ಮಿಲಿಮೀಟರಿಗಿಂತ ಹೆಚ್ಚು ಮಳೆಯನ್ನು ಗುಟುಕರಿಸುತ್ತದೆ. ಜೇಡಿ ನೆಲಕ್ಕೆ ಐದು ಮಿಲಿಮೀಟರೇ ಕಷ್ಟ. ವರ್ಷಕ್ಕೆ ಸುಮಾರು 4000 ಮಿಲಿಮೀಟರ್ ಮಳೆ ಸುರಿಯುವ ಉಡುಪಿಯ ಕರಾವಳಿಯಲ್ಲಿ ನೆಲವೂ ಎರೆಯಾಗಿದ್ದರೆ ನಾವೆಲ್ಲ ಜೂನಿನಿಂದ ಸೆಪ್ಟೆಂಬರಿನವರೆಗೆ ದೋಣಿಯಲ್ಲೇ ಸಂಸಾರ ಮಾಡಬೇಕಿತ್ತು.

ಆದರೆ ಇದರ ಇನ್ನೊಂದು ಮುಖವನ್ನು ಮಾವನಿಗೆ ನಾನಾಗಿ ಹೇಳಲಿಲ್ಲ. ಹೇಳುವಂಥದ್ದಲ್ಲ ಅದು. ಪೇಟೆಯ ಕೆಲಸ ಬಿಟ್ಟು ಊರಿಗೆ ಮರಳಿದ ಮೊದಲ ವರ್ಷ, ಪುಸ್ತಕ ಓದಿ ಜಾಣನಾಗಿ, ಹದಿನೆಂಟು ತೆಂಗಿನ ಮರಗಳಿಗೆ ಇಡೀ ವರ್ಷದ ಯೂರಿಯ, ಪೊಟ್ಯಾಷ್‌ಗಳನ್ನು ಜೂನ್ ಮೊದಲ ವಾರ ಒಂದೇ ಗಂಟಿಗೆ ಸುರಿದಿದ್ದೆ. ಮಾರನೆಯ ದಿನ ಮಳೆ ಹಿಡಿಯಿತು, ನಾಲ್ಕು ದಿನ ಬಿಡಲಿಲ್ಲ. ಐದನೆಯ ದಿನ ಪಕ್ಕದ ಮನೆಯ ದೊಡ್ಡಮ್ಮ ಬೇಲಿಯ ಮೇಲಿಂದ ಇಣುಕಿ, “ಈ ವರ್ಷ ಕಡಲಿಗೆ ಗೊಬ್ಬರ ಹಾಕಿದೆಯಂತೆ? ಬಂಗುಡೆ ಚೆನ್ನಾಗಿ ಬರಬಹುದು,” ಎಂದರು. ಹೊಳೆಯಲ್ಲಿ ಹುಣಸೆ ಹಣ್ಣು ತೊಳೆದ ಹಾಗೆ ಎನ್ನುವ ಗಾದೆಯ ಅರ್ಥ ನನಗೆ ಅಂದು ಸಾವಿರಾರು ರೂಪಾಯಿ ಖರ್ಚಿನಲ್ಲಿ ತಿಳಿಯಿತು.

ದೊಡ್ಡಮ್ಮನ ಪದ್ಧತಿಯೇ ಬೇರೆ. ಅವರು ಹೊಯಿಗೆಗೆ ಯಾವತ್ತೂ ಒಟ್ಟಿಗೆ ಏನನ್ನೂ ಕೊಟ್ಟವರಲ್ಲ. ಒಲೆಯ ಬೂದಿ ಇವತ್ತು ಈ ಬುಡಕ್ಕೆ, ನಾಳೆ ಆ ಬುಡಕ್ಕೆ. ಹಟ್ಟಿ ಗೊಬ್ಬರ ಒಂದು ಬುಟ್ಟಿ, ಸುಡುಮಣ್ಣು ಅರ್ಧ ಬುಟ್ಟಿ. ಬೂತಾಯಿ ರಾಶಿ ಬಿದ್ದು ಕೇಳುವವರಿಲ್ಲದ ದಿನ ನಾಲ್ಕು ಬುಟ್ಟಿ ಮೀನು ತೆಂಗಿನ ಬುಡದ ಗುಂಡಿಗೆ. (ಆ ವಾರ ಪಶ್ಚಿಮದ ಗಾಳಿ ಬೀಸಿದರೆ ನಾವು ಕಿಟಕಿ ಮುಚ್ಚುತ್ತಿದ್ದೆವು.) ಅಲಸಂಡೆ, ಬದನೆ, ಹರಿವೆಗೆ ಬೆಳಿಗ್ಗೆ ಒಂದು ಕೊಡಪಾನ, ಸಂಜೆ ಒಂದು ಕೊಡಪಾನ. ಒಂದು ದಿನ ತಪ್ಪಿದರೆ ಹರಿವೆ ತಲೆ ಬಾಗಿಸಿ ನಿಲ್ಲುತ್ತಿತ್ತು. “ಮಗುವಿಗೆ ಒಂದೇ ಸಲ ಒಂದು ಸೇರು ಹಾಲು ಕುಡಿಸುತ್ತಾರೆಯೇ?” ಎಂದು ಕೇಳುತ್ತಿದ್ದರು. ನೀರಾವರಿ ಶಾಸ್ತ್ರ ಹೇಳುವುದೂ ಅದನ್ನೇ. ಒಂದು ಮೀಟರ್ ಆಳದ ಮರಳು ನೆಲ ಗಿಡಕ್ಕೆಂದು ಉಳಿಸಿಕೊಳ್ಳುವ ನೀರು 25ರಿಂದ 100 ಮಿಲಿಮೀಟರ್, ಜೇಡಿಯದು 200ರ ಆಸುಪಾಸು. ಸಣ್ಣ ಹೊಟ್ಟೆಗೆ ಸಣ್ಣ ತುತ್ತು, ಆದರೆ ಹೊತ್ತು ಹೊತ್ತಿಗೆ.

ತೆಂಗಿನ ಬುಡದ ಸುತ್ತ ಸಿಪ್ಪೆ ಹೂಳುವುದನ್ನೂ ದೊಡ್ಡಮ್ಮನಿಂದಲೇ ಕಲಿತೆ. ಬುಡದಿಂದ ಆರು ಅಡಿ ಬಿಟ್ಟು ಚರಂಡಿ ತೋಡಿ, ಸಿಪ್ಪೆಗಳನ್ನು ಒಂದರ ಮೇಲೊಂದು ಸಾಲಾಗಿ ಜೋಡಿಸಬೇಕು. ಕುಳಿ ಇರುವ ಬದಿ ಮೇಲಕ್ಕೆ ಬರಬೇಕು, ಬಟ್ಟಲು ಇಟ್ಟ ಹಾಗೆ. ನಾನು ಮೊದಲ ದಿನ ಇಡೀ ಸಾಲನ್ನು ಬೋರಲು ಇಟ್ಟಿದ್ದೆ. ಅವರು ಏನೂ ಹೇಳದೆ ಕೂತು ಒಂದೊಂದನ್ನಾಗಿ ತಿರುವಿಟ್ಟರು. ಹೊಯಿಗೆ ಹಿಡಿಯಲಾರದ ನೀರನ್ನು ಆ ನಾರು ಹಿಡಿಯುತ್ತದೆ. ಮಾರ್ಚ್ ತಿಂಗಳ ಸುಡು ಬಿಸಿಲಿನಲ್ಲಿ ಅಲ್ಲಿ ಅಗೆದು ನೋಡಿದರೆ, ಸುತ್ತ ಎಲ್ಲ ಒಣ ರವೆ, ಸಿಪ್ಪೆಯ ಹೊಟ್ಟೆಯಲ್ಲಿ ಮಾತ್ರ ಕಂದು ತೇವ. ಅದರೊಳಗೆ ದಾರದಂಥ ಬಿಳಿ ಬೇರುಗಳ ಗುಂಪು ಕೂಡಿ ಕೂತಿರುತ್ತದೆ.

ಮನೆಯೊಳಗಿನ ಹೊಯಿಗೆಯ ಕಥೆಯನ್ನು ಹೆಂಡತಿಯೇ ಹೇಳಿದರೆ ಚೆಂದ. ಹಾಸಿಗೆಯಲ್ಲಿ, ಹಸಿ ಕೊತ್ತಂಬರಿಯ ಕಟ್ಟಿನಲ್ಲಿ, ಮಕ್ಕಳ ಕಿವಿಯಲ್ಲಿ, ಪುಸ್ತಕದ ಹೊಲಿಗೆಯಲ್ಲಿ, ಎಲ್ಲೆಲ್ಲೂ ಅದೇ. ತವರಿನ ಕೆಸರು ಬಾಗಿಲಲ್ಲೇ ಕಾಲು ಹಿಡಿದು ನಿಲ್ಲಿಸುತ್ತಿತ್ತು, ಇದು ಮಾತ್ರ ಹೇಳದೆ ಕೇಳದೆ ಒಳಗೆ ಬರುತ್ತದೆ ಎಂಬುದು ಅವಳ ದೂರು. ಮಲ್ಪೆಯ ಕಡಲ ದಂಡೆಯಲ್ಲಿ ಬಾಣಲೆಯ ಬಿಸಿ ಹೊಯಿಗೆಯಲ್ಲಿ ಹುರಿದ ನೆಲಗಡಲೆಯನ್ನು ಪೊಟ್ಟಣ ಕಟ್ಟಿಸಿಕೊಂಡಾಗ ಮಾತ್ರ ಆ ದೂರು ಸ್ವಲ್ಪ ಹೊತ್ತು ನಿಲ್ಲುತ್ತದೆ.

ಮಾವ ಎರಡನೆಯ ಸಲ ಬಂದದ್ದು ಏಪ್ರಿಲಿನಲ್ಲಿ. ಈ ಸಲ ಅವರಿಗೆ ಆಶ್ಚರ್ಯ ಕಾದಿದ್ದದ್ದು ಬಾವಿಯಲ್ಲಿ. ಹೊಯಿಗೆಯ ಬಾವಿ ಆಳವಿರುವುದಿಲ್ಲ. ನಮ್ಮದು ಹದಿನಾಲ್ಕು ಅಡಿ. ಬದಿಗೆ ಬಳೆ ಇಳಿಸದಿದ್ದರೆ ತೋಡುತ್ತಿರುವಾಗಲೇ ಕುಸಿದು ಮುಚ್ಚಿಕೊಳ್ಳುತ್ತದೆ. ಕಡಲು ಅಲ್ಲಿಂದ ನೂರಿಪ್ಪತ್ತು ಹೆಜ್ಜೆ. ಮಾವ ಕೊಡಪಾನ ಎತ್ತಿ ಒಂದು ಗುಟುಕು ಕುಡಿದರು, ಬಾಯಿ ಚಪ್ಪರಿಸಿದರು, ಕಡಲಿನ ಕಡೆ ನೋಡಿದರು, ಮತ್ತೆ ಕುಡಿದರು. ಎಳನೀರಿನ ತಂಗಿಯಂಥ ನೀರು. “ಎಲ್ಲಿ ಹೋಯಿತು ಉಪ್ಪು?”

ಉಪ್ಪು ಕೆಳಗಿದೆ. ಆಟಿಯ ಆ ರಾತ್ರಿ ಅಂಗಳದಲ್ಲಿ ಮಾಯವಾದ ನೀರು ಅದರ ಮೇಲೆ ಕೂತಿದೆ. ಮಳೆನೀರು ಒಂದು ಲೀಟರಿಗೆ ಒಂದು ಕಿಲೋ ತೂಗಿದರೆ ಕಡಲ ನೀರು 25 ಗ್ರಾಂ ಹೆಚ್ಚು ತೂಗುತ್ತದೆ. ಅಷ್ಟೇ ವ್ಯತ್ಯಾಸ. ಆದರೆ ಅಷ್ಟರಿಂದಲೇ ಸಿಹಿನೀರು ಸಾರಿನ ಮೇಲಿನ ಎಣ್ಣೆಯಂತೆ ಉಪ್ಪುನೀರಿನ ಮೇಲೆ ತೇಲುತ್ತದೆ, ಹೊಯಿಗೆಯ ಸಂದುಗಳಲ್ಲಿ ಕಲಕದೆ ನಿಲ್ಲುತ್ತದೆ. 19ನೇ ಶತಮಾನದ ಕೊನೆಯಲ್ಲಿ ಹಾಲೆಂಡಿನ ಗೈಬೆನ್, 1901ರಲ್ಲಿ ಜರ್ಮನಿಯ ಹರ್ಟ್ಸ್‌ಬರ್ಗ್, ತಮ್ಮ ತಮ್ಮ ಕಡಲ ದಂಡೆಯ ಬಾವಿಗಳನ್ನು ನೋಡಿ ಇದರ ಲೆಕ್ಕ ಹಾಕಿದರು: ಕಡಲ ಮಟ್ಟದಿಂದ ಸಿಹಿನೀರು ಒಂದಡಿ ಮೇಲಿದ್ದರೆ, ಕೆಳಗೆ ಸುಮಾರು 40 ಅಡಿ ಸಿಹಿನೀರು ಇರುತ್ತದೆ. ಮಂಗಳೂರಿನಲ್ಲಿ ಫಲ್ಗುಣಿ ಹೊಳೆಗೂ ಕಡಲಿಗೂ ನಡುವೆ ಇಂಥದೇ ಹೊಯಿಗೆಯ ಪಟ್ಟಿಯ ಮೇಲಿರುವ ಊರಿನ ಹೆಸರು ತಣ್ಣೀರುಬಾವಿ. ಎರಡೂ ಬದಿಯಲ್ಲಿ ಉಪ್ಪು ಕಾಣುವ ಜಾಗಕ್ಕೆ ಆ ಹೆಸರು ಇಟ್ಟವರು ಯಾವ ಲೆಕ್ಕವನ್ನೂ ಹಾಕಿರಲಾರರು. ಕುಡಿದು ನೋಡಿ ಇಟ್ಟಿರಬೇಕು.

ಲೆಕ್ಕವನ್ನು ತಿರುಗಿಸಿದರೆ ಮಾತ್ರ ಮೈ ನಡುಗುತ್ತದೆ. ಮೇಲೆ ಒಂದಡಿ ಎಳೆದರೆ ಕೆಳಗಿನಿಂದ ಉಪ್ಪು 40 ಅಡಿ ಏರಲು ಹವಣಿಸುತ್ತದೆ. ನಮ್ಮ ಕೇರಿಯಲ್ಲೇ ಒಬ್ಬರು ಎರಡು ಅಶ್ವಶಕ್ತಿಯ ಪಂಪು ಕೂರಿಸಿ, ಮಾರ್ಚ್ ತಿಂಗಳಿಡೀ ಹಗಲೂ ರಾತ್ರಿ ತೋಟಕ್ಕೆ ಹಾಯಿಸಿದರು. ಮೇ ತಿಂಗಳಲ್ಲಿ ಅವರ ಮನೆಯ ಚಹಾ ಕುಡಿದವರು ಮರ್ಯಾದೆಗೆ ಸುಮ್ಮನಿದ್ದರು. ಕೊಡಪಾನ, ರಾಟೆ, ಹಗ್ಗ ಇದ್ದಾಗ ಕೈ ಸೋಲುವ ಮೊದಲು ಬಾವಿ ಸೋಲುತ್ತಿರಲಿಲ್ಲ.

ಆ ಮಧ್ಯಾಹ್ನ ಊಟಕ್ಕೆ ಗುಳ್ಳದ ಹುಳಿ. ನಮ್ಮಿಂದ ದಕ್ಷಿಣಕ್ಕೆ, ಇದೇ ಹೊಳೆ ಕಡಲುಗಳ ನಡುವೆ ಇರುವ ಮಟ್ಟು ಗ್ರಾಮದ ಬದನೆ ಅದು. ಹಸಿರು ಗೆರೆಯ, ದುಂಡನೆಯ, ತೊಟ್ಟಿನಲ್ಲಿ ಮುಳ್ಳಿನ ಬದನೆ. ಬೀಜವನ್ನು ವಾದಿರಾಜರು ಕೊಟ್ಟರೆಂದು ಐತಿಹ್ಯ, ಭೌಗೋಳಿಕ ಸೂಚಕವನ್ನು ಸರಕಾರ ಕೊಟ್ಟದ್ದು 2011ರಲ್ಲಿ. ಧಾರವಾಡದವರಿಗೆ ಬದನೆಯ ವಿಷಯದಲ್ಲಿ ಬೇರೆಯವರು ಪಾಠ ಹೇಳಬಾರದು. ಎಣ್ಣೆಗಾಯಿ ತಿಂದು ಬೆಳೆದವರು. ಮಾವ ಏನನ್ನೂ ಹೇಳಲಿಲ್ಲ. ಎರಡು ಸಲ ಬಡಿಸಿಕೊಂಡರು. ಕೈ ತೊಳೆದು ಬಂದು, ಮೂಲೆಯಲ್ಲಿಟ್ಟಿದ್ದ ಸಿಮೆಂಟ್ ಚೀಲವೊಂದನ್ನು ಎಳೆದು ತಂದರು.

ಚೀಲದ ತುಂಬ ಎರೆ ಮಣ್ಣು. ಹೊಲದಿಂದ ಅಗೆದು, ಬಸ್ಸಿನ ಡಿಕ್ಕಿಯಲ್ಲಿಟ್ಟು ತಂದಿದ್ದರು. ಲಗೇಜಿಗೆ ಟಿಕೆಟ್ ಮಾಡಿಸುವಾಗ ಕಂಡಕ್ಟರ್ ಏನು ಎಂದು ಕೇಳಿದ್ದಕ್ಕೆ “ಮಣ್ಣು” ಎಂದರಂತೆ, ಅವನು ನಂಬಲಿಲ್ಲವಂತೆ. ಬಾವಿಯ ಪಕ್ಕದ ಒಂದು ತೆಂಗಿನ ಬುಡವನ್ನು ತಾವೇ ಆರಿಸಿ, ಸುತ್ತ ಅಗೆದು, ಹೆಂಟೆಗಳನ್ನು ಕೊಡಲಿಯ ಹಿಂಬದಿಯಿಂದ ಕುಟ್ಟಿ ಪುಡಿ ಮಾಡಿ, ಹೊಯಿಗೆಯ ಜೊತೆ ಕಲಸಿದರು. ದೊಡ್ಡಮ್ಮ ಬೇಲಿಯ ಮೇಲಿಂದ ನೋಡುತ್ತಿದ್ದರು. ಒಂದು ಬುಟ್ಟಿ ಬೂದಿ ದಾಟಿಸಿ, “ಇದನ್ನೂ ಸೇರಿಸಲು ಹೇಳು,” ಎಂದರು. ಅವರ ತುಳು ಮಾವನಿಗೆ ತಿಳಿಯದು, ಮಾವನ ಕನ್ನಡ ಅವರಿಗೆ ಅರ್ಧ. ಬೂದಿ ಸೇರಿತು.

ಮಳೆಗಾಲ ಕಳೆದು ದೀಪಾವಳಿಯ ಹೊತ್ತಿಗೆ ಮಾವನ ಫೋನು ಬಂತು. ಮಗಳ ಯೋಗಕ್ಷೇಮ, ಮೊಮ್ಮಕ್ಕಳ ಓದು, ಏನನ್ನೂ ಕೇಳಲಿಲ್ಲ.

“ಆ ಬುಡದ ಮಣ್ಣನ್ನು ಹಿಡಿದು ನೋಡಿದಿರಾ?”

ಮೊಬೈಲನ್ನು ಕಿವಿಗೂ ಹೆಗಲಿಗೂ ನಡುವೆ ಸಿಕ್ಕಿಸಿಕೊಂಡು ಅಂಗಳಕ್ಕೆ ಇಳಿದೆ. ಒಂದು ಹಿಡಿ ತೆಗೆದು ಅಮುಕಿದೆ. ಬಣ್ಣ ಸ್ವಲ್ಪ ಕಪ್ಪಾಗಿತ್ತು. ಕೈ ಬಿಡಿಸಿದೆ, ನಿಂತಿತು. ಹೆಬ್ಬೆರಳಿನಿಂದ ಮುಟ್ಟಿದೆ, ಆಗಲೂ ನಿಂತಿತು. ಮೊಣಕಾಲಿನ ಎತ್ತರದಿಂದ ಕೆಳಗೆ ಬಿಟ್ಟೆ.

“ಉಂಡೆ ಆಗುತ್ತದೆ, ಆದರೆ ಬಿದ್ದರೆ ಒಡೆಯುತ್ತದೆ,” ಎಂದೆ.

ಆ ಕಡೆ ಸ್ವಲ್ಪ ಹೊತ್ತು ಮೌನ.

“ಹಾಗಾದರೆ ಇನ್ನೊಂದು ಚೀಲ ಬೇಕು,” ಎಂದರು ಮಾವ. “ಬರುವಾಗ ತರುತ್ತೇನೆ. ಗುಳ್ಳ ಶುರುವಾದ ಮೇಲೆ ಹೇಳಿ.”